ಸೊಪ್ಪಿನ ಕೆಂಪೋ ರಕ್ತದ ಕೆಂಪೋ

ಮೂತ್ರದ ವಿಷಯವನ್ನೆಲ್ಲ ಊರಿಗೇ ಗೊತ್ತಾಗುವ ಹಾಗೆ ಬರೆಯುತ್ತೀರಲ್ಲ, ಸ್ವಲ್ಪವಾದರೂ ನಾಚಿಕೆ ಬೇಡವಾ ಎಂದು ಕುಸುಮ ಕೇಳಿದಳು. ಕುಸುಮ ನನ್ನ ಹೆಂಡತಿ. ನಾಚಿಕೆ ಇತ್ತು ಕಣ್ರೀ, ಇಲ್ಲ ಅನ್ನುವುದಿಲ್ಲ. ಮೈಸೂರಿನ ಆಸ್ಪತ್ರೆಯಲ್ಲಿ ಒಂದೇ ಬೆಳಿಗ್ಗೆ ಅಷ್ಟೊಂದು ಜನ ಬಂದು ನನ್ನ ಪಂಚೆ ಸರಿಸಿ ನೋಡಿದ ಮೇಲೆ ಅದು ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಈಗ ಯಾರಾದರೂ ಗಂಡಸು ನಮ್ಮ ಅಂಗಡಿಗೆ ಬಂದು, ಪೈಪಿನ ವಿಷಯ, ಮೋಟಾರಿನ ವಿಷಯ ಎಲ್ಲ ಮಾತಾಡಿ, ಹೊರಡುವಾಗ ದನಿ ತಗ್ಗಿಸಿ "ದಯಣ್ಣ, ನಿಮಗೆ ಶುರುವಿಗೆ ಹೇಗೆ ಆದದ್ದು?" ಎಂದು ಕೇಳಿದರೆ ಕುರ್ಚಿ ಎಳೆದು ಕೂರಿಸಿ ಹೇಳುತ್ತೇನೆ. ಅಂಗಡಿಯವರೆಗೆ ಬರಲು ಆಗದವರಿಗೆ, ಬಂದರೂ ಕೇಳಲು ಬಾಯಿ ಬಾರದವರಿಗೆ ಇದನ್ನು ಬರೆಯುತ್ತಿದ್ದೇನೆ.

ನನಗೆ ಎಲ್ಲ ಅರ್ಥವಾಗಿದೆ ಅಂತ ಮಾತ್ರ ತಿಳಿಯಬೇಡಿ. ಎಲ್ಲಿ ಎಡವಿದೆ, ಯಾರನ್ನು ನಂಬಬೇಕಿತ್ತು, ಯಾರನ್ನು ಬೈಯಬೇಕು ಎಂದು ಕೂತು ಯೋಚಿಸಿದರೆ ಈಗಲೂ ತಲೆ ಗಿರ್ ಅನ್ನುತ್ತದೆ.

ಕುಶಾಲನಗರದಲ್ಲಿ ನನ್ನದು ಪಂಪ್‌ಸೆಟ್, ಪೈಪು, ಸ್ಪ್ರಿಂಕ್ಲರ್ ಮಾರುವ ಅಂಗಡಿ. ಶುಂಠಿಯವರು, ಗದ್ದೆಯವರು, ಕಾಫಿ ತೋಟದವರು ಎಲ್ಲರೂ ಬರುತ್ತಾರೆ. ಎರಡು ವರ್ಷದ ಹಿಂದೆ ಕಂಪನಿಯ ಸೇಲ್ಸ್ ಹುಡುಗನೊಬ್ಬ ನನ್ನ ಫೋನಿಗೆ ಈ ಎಐ ಹಾಕಿಕೊಟ್ಟ. ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರ. ನಾನು ಮೊದಲಿಗೆ ಕೀಟಲೆಗೆ ಕೇಳಿದ್ದು, ವ್ಯಾಪಾರ ಡಲ್ ಆಗಿದೆ, ಏನು ಮಾಡಲಿ ಅಂತ. ಅದು ನನ್ನನ್ನೇ ತಿರುಗಿ ನಾಲ್ಕು ಪ್ರಶ್ನೆ ಕೇಳಿ, ಸಣ್ಣ ಬೆಳೆಗಾರರಿಗೆ ವರ್ಷಕ್ಕೊಮ್ಮೆ ಕಾಫಿ ಹೂ ಅರಳಲು ಹಾಯಿಸುವ ನೀರಿಗೆ ಮಾತ್ರ ಸ್ಪ್ರಿಂಕ್ಲರ್ ಬೇಕಾಗುವುದಾದರೆ ಅವರಿಗೆ ಮಾರಲು ಹೋಗುವ ಬದಲು ಬಾಡಿಗೆಗೆ ಕೊಡಬಹುದಲ್ಲ ಎಂದಿತು. ಇಷ್ಟು ವರ್ಷ ಅಂಗಡಿಯಲ್ಲಿ ಕೂತು ನನಗೆ ಹೊಳೆಯದ ಮಾತು! ಮಾರ್ಚ್ ಬಂದಾಗ ಚೆಟ್ಟಳ್ಳಿ ಕಡೆಯ ಬೆಳೆಗಾರರು ಜೀಪು ತಂದು ಸರದಿಯಲ್ಲಿ ನಿಂತು ಸೆಟ್ ಒಯ್ದರು. ಅಂದಿನಿಂದ ಅದಕ್ಕೆ ನಾನಿಟ್ಟ ಹೆಸರು ಮಂತ್ರಿ. ಕಂಪನಿಗೆ ದೂರು ಬರೆಯಬೇಕಾ, ಮಂತ್ರಿ ಬರೆಯುತ್ತದೆ. ಯಾವ ಪೈಪು ಎಷ್ಟು ತರಿಸಬೇಕು, ಮಂತ್ರಿ ಹೇಳುತ್ತದೆ. ಪಕ್ಕದ ಅಂಗಡಿಯವರು "ಏನು ದಯಣ್ಣ, ಇವತ್ತು ಮಂತ್ರಿಗಳ ಅಪ್ಪಣೆ ಏನು?" ಎಂದು ರೇಗಿಸುತ್ತಿದ್ದರು. ರೇಗಿಸಲಿ. ವ್ಯಾಪಾರದಲ್ಲಿ ಅದರ ಮಾತು ಒಂದೂ ಸುಳ್ಳಾಗಿರಲಿಲ್ಲ.

ಇನ್ನು ಸೊಪ್ಪಿನ ಕಥೆ. ನಮ್ಮದು ಚೇರಂಬಾಣೆ ಕಡೆಯ ಅರೆಭಾಷೆ ಗೌಡರ ಮನೆ. ಮಳೆಗಾಲದ ಆಟಿ ತಿಂಗಳ ಹದಿನೆಂಟನೇ ದಿನ, ಅಂದರೆ ಆಗಸ್ಟ್ ಮೊದಲ ವಾರ, ನಮ್ಮಲ್ಲಿ ಮದ್ದು ಸೊಪ್ಪು ತಿನ್ನುತ್ತೇವೆ. ಅಷ್ಟು ದಿನ ಅದು ಬೇಲಿ ಬದಿಯ ಸುಮ್ಮನೆ ಒಂದು ಗಿಡ. ಆ ದಿನಕ್ಕೆ ಹದಿನೆಂಟು ಬಗೆಯ ಔಷಧಿ ಅದರೊಳಗೆ ಬಂದು ಸೇರುತ್ತದೆ ಎಂದು ನಂಬಿಕೆ. ಸೊಪ್ಪು ಕುದಿಸಿದರೆ ನೀರು ಕಡು ನೇರಳೆ. ಅದರಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನಕಾಯಿ ಹಾಕಿ ಪಾಯಸ ಮಾಡುತ್ತಾರೆ. ತಿಂದ ಮಾರನೇ ದಿನ ಮೂತ್ರ ಕೆಂಪಗೆ ಹೋಗುತ್ತದೆ. ಹೋದರೆ ಮದ್ದು ಮೈಗೆ ಹಿಡಿಯಿತು ಎಂದು ಖುಷಿ. ಕುಸುಮ ಶಿರಂಗಾಲದವಳು, ಅವಳ ತಾತನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ನೆಲೆಸಿದವರು, ಅವರಲ್ಲಿ ಇದೆಲ್ಲ ಇಲ್ಲ. ಮದುವೆಯಾದ ವರ್ಷ ಅವಳಿಗೆ ಯಾರೂ ಹೇಳಿರಲಿಲ್ಲ. ಬೆಳಿಗ್ಗೆ ಬಚ್ಚಲಿನಿಂದ ಕಿರುಚಿಕೊಂಡು ಓಡಿ ಬಂದಳು. ನನ್ನ ಅಕ್ಕ ಜಾನಕಿ ನಕ್ಕೂ ನಕ್ಕೂ ನೆಲದ ಮೇಲೇ ಕೂತುಬಿಟ್ಟಿದ್ದಳು.

ಹೋದ ವರ್ಷದ ಆಟಿಗೆ ಅಕ್ಕ ಬಸ್ಸಿನಲ್ಲಿ ಸೊಪ್ಪು ಕಳಿಸಿದಳು. ಪಾಯಸ ಮಾಡಿ ಇಬ್ಬರೂ ತಿಂದೆವು, ಇಬ್ಬರಿಗೂ ಕೆಂಪು ಬಂತು, ಮುಗಿಯಿತು. ಕೆಲವು ದಿನ ಕಳೆದು, ಮನೆಯಲ್ಲಿ ಸೊಪ್ಪು ಖಾಲಿಯಾದ ಮೇಲೆ, ನನಗೆ ಮತ್ತೆ ಕೆಂಪಾಯಿತು. ನೋವಿಲ್ಲ, ಉರಿಯಿಲ್ಲ. ಬೇರೆ ಊರಿನವರಾಗಿದ್ದರೆ ಜೀವ ಬಾಯಿಗೆ ಬಂದು ಅವತ್ತೇ ಡಾಕ್ಟರ ಹತ್ತಿರ ಓಡುತ್ತಿದ್ದರು. ನನಗೆ ಹೆದರಿಕೆಯೇ ಆಗಲಿಲ್ಲ. ಹುಟ್ಟಿದಾಗಿನಿಂದ ವರ್ಷ ವರ್ಷ ಕೆಂಪು ನೋಡಿ ಖುಷಿಪಟ್ಟವನು ನಾನು.

ಸುಮ್ಮನೆ ಇರಲಿ ಅಂತ ಮಂತ್ರಿಯನ್ನು ಕೇಳಿದೆ. ಅದು ಗಂಭೀರವಾಗಿ, "ಮೂತ್ರದ ಬಣ್ಣ ಕೆಂಪಾಗಿದ್ದರೆ ಅದು ರಕ್ತವಾಗಿರಬಹುದು. ದಯವಿಟ್ಟು ತಡಮಾಡದೆ ವೈದ್ಯರನ್ನು ಭೇಟಿ ಮಾಡಿ" ಎಂದಿತು. ನನಗೆ ಸಿಟ್ಟು ಬಂತು. ಇದಕ್ಕೇನು ಗೊತ್ತು ನಮ್ಮ ಆಟಿ? ಸೊಪ್ಪಿನ ಕಥೆಯೆಲ್ಲ ಬರೆದೆ. ಕೂಡಲೇ ಅದರ ದನಿ ಬದಲಾಯಿತು. "ಈ ಮಾಹಿತಿ ನೀಡಿದ್ದಕ್ಕೆ ಧನ್ಯವಾದಗಳು. ಹಾಗಿದ್ದರೆ ಬಣ್ಣಕ್ಕೆ ಆ ಸೊಪ್ಪು ಕಾರಣವಾಗಿರುವ ಸಾಧ್ಯತೆ ಇದೆ" ಎಂದು ಶುರು ಮಾಡಿ ಉದ್ದಕ್ಕೆ ಏನೇನೋ ಬರೆಯಿತು. ನಾನು ಮೊದಲ ಸಾಲು ಓದಿ, ಹಾಗೆ ಬಾ ದಾರಿಗೆ ಎಂದು ಫೋನ್ ಜೇಬಿಗೆ ಹಾಕಿದೆ. ಸೊಪ್ಪು ತಿಂದು ಎಷ್ಟು ದಿನವಾಯಿತು ಅಂತ ಅದು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಎರಡು ದಿನ ಸರಿ ಇತ್ತು. ಮತ್ತೆ ಕೆಂಪು. ಕುಸುಮ ಬಚ್ಚಲಲ್ಲಿ ನೋಡಿಬಿಟ್ಟಳು.

"ಇದೇನ್ರೀ, ಇನ್ನೂ ನಿಂತಿಲ್ವಾ ನಿಮಗೆ?"

"ಮದ್ದು ಚೆನ್ನಾಗಿ ಹಿಡಿದಿದೆ."

"ಒಂದೇ ಪಾತ್ರೆ ಪಾಯಸ ತಿಂದಿದ್ದು ಇಬ್ರೂನೂ. ನಂಗೆ ಮೂರನೇ ದಿನಕ್ಕೆ ನಿಂತೋಯ್ತು. ನಿಮಗ್ಯಾಕೆ ನಿಂತಿಲ್ಲ? ಹೋಗಿ ಒಂದ್ಸಲ ತೋರಿಸ್ಕೊಂಡು ಬರಬಾರದಾ?"

"ನಿಮ್ಮ ಶಿರಂಗಾಲದವರಿಗೆ ಇದೆಲ್ಲ ಗೊತ್ತಾಗುವುದಿಲ್ಲ, ಸುಮ್ಮನಿರು."

ಹೀಗೆ ಹೇಳಿದೆನಾದರೂ ತಲೆಯಲ್ಲಿ ಹುಳ ಹೊಕ್ಕಿತು. ಆಗ ನಾನು ಮಾಡಿದ ಕೆಲಸವನ್ನು ನಮ್ಮ ಕಡೆಯವರಲ್ಲದೆ ಇನ್ಯಾರೂ ಮಾಡಲಾರರು. ಪರೀಕ್ಷೆ ಮಾಡಿಯೇ ಬಿಡೋಣ ಎಂದು ಅಕ್ಕನಿಗೆ ಫೋನ್ ಮಾಡಿ ಇನ್ನೊಂದು ಕಟ್ಟು ಸೊಪ್ಪು ತರಿಸಿದೆ. ಕುಸುಮ ಮಾಡಿಕೊಡಲು ಒಪ್ಪಲಿಲ್ಲ, ನಾನೇ ಪಾಯಸ ಮಾಡಿ ತಿಂದೆ. ಮಾರನೇ ದಿನ ಕೆಂಪೋ ಕೆಂಪು. ನೋಡು, ಸೊಪ್ಪಿನದೇ ಎಂದು ಅವಳ ಮುಂದೆ ಬೀಗಿದೆ. ಮಂತ್ರಿಗೂ ಹೇಳಿದೆ. "ನೀವು ಪರೀಕ್ಷಿಸಿ ನೋಡಿದ್ದು ಉಪಯುಕ್ತ ಮಾಹಿತಿ" ಎಂದು ಅದು ಬೆನ್ನು ತಟ್ಟಿತು. ಈಗ ಹೇಳುವಾಗ ನನಗೇ ನಗು ಬರುತ್ತದೆ. ಸೊಪ್ಪು ತಿಂದರೆ ಕೆಂಪಾಗುತ್ತದೆ ಎಂದು ಗೊತ್ತು ಮಾಡಿಕೊಳ್ಳಲು ಪರೀಕ್ಷೆ ಬೇಕಿತ್ತಾ? ತಿನ್ನದೆ ಬಿಟ್ಟು ನೋಡಬೇಕಿತ್ತು. ಇಷ್ಟು ಸಣ್ಣ ವಿಷಯ ನನಗೆ ಹೊಳೆಯಲಿಲ್ಲ, ಮಂತ್ರಿಗೂ ಹೊಳೆಯಲಿಲ್ಲ. ಹೊಳೆದಿತ್ತೋ ಏನೋ. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ ಆ ಹಳೆಯ ಉತ್ತರಗಳನ್ನೆಲ್ಲ ಕೊನೆಯವರೆಗೆ ಓದಿದೆ. ಪ್ರತಿಯೊಂದರ ಕೆಳಗೂ, ಆದರೂ ಒಮ್ಮೆ ಮೂತ್ರ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು ಎಂದು ಬರೆದಿತ್ತು. ಮೇಲೆ ಹೊಗಳಿ ಕೆಳಗೆ ಎಚ್ಚರಿಕೆ ಹೇಳಿದರೆ ಅದು ಹೇಳಿದಂತೆಯೋ ಹೇಳದಂತೆಯೋ? ನಮ್ಮ ಊರಿನ ಹಿರಿಯರು ಯಾರಾದರೂ ಆಗಿದ್ದರೆ ಮೊದಲು ಬೈದು ಆಮೇಲೆ ಮಾತಾಡುತ್ತಿದ್ದರು.

ಆಗಸ್ಟ್ ಕೊನೆಯ ಒಂದು ಮಧ್ಯಾಹ್ನ, ಅಂಗಡಿಯ ಹಿಂದಿನ ಟಾಯ್ಲೆಟ್‌ನಲ್ಲಿ, ಕೆಂಪಿನ ಜೊತೆ ಗಟ್ಟಿಯಾದ ಚೂರುಗಳು ಬಿದ್ದವು. ಹೆಪ್ಪುಗಟ್ಟಿದ ರಕ್ತ. ಸೊಪ್ಪಿನ ಬಣ್ಣ ಹೆಪ್ಪುಗಟ್ಟುವುದಿಲ್ಲ, ಅಷ್ಟು ನನಗೂ ಗೊತ್ತು. ಗೋಡೆ ಹಿಡಿದುಕೊಂಡು ನಿಂತೆ. ಅಂಗಡಿಯಲ್ಲಿ ಯಾರೋ "ದಯಣ್ಣ, ಫುಟ್‌ವಾಲ್ವ್ ಇದ್ಯಾ?" ಎಂದು ಕೂಗುತ್ತಿದ್ದರು. ಮಂತ್ರಿಯನ್ನು ಕೇಳಲಿಲ್ಲ. ಕುಸುಮನಿಗೆ ಫೋನ್ ಮಾಡಿದೆ.

ಅವಳು ಆಟೋದಲ್ಲಿ ಬಂದವಳು ಒಂದು ಮಾತೂ ಬೈಯಲಿಲ್ಲ. ಅದರಿಂದಲೇ ನನಗೆ ಹೆಚ್ಚು ಭಯವಾಯಿತು. ಊರಿನ ಡಾಕ್ಟರು ಮೂತ್ರ ಪರೀಕ್ಷೆ, ಸ್ಕ್ಯಾನ್ ಎರಡನ್ನೂ ಮಾಡಿಸಿ, ಮೂತ್ರಕೋಶದೊಳಗೆ ಏನೋ ಬೆಳೆದಂತಿದೆ, ಮೈಸೂರಿಗೆ ಹೋಗಿ ಎಂದರು. ಏನೋ ಅಂದರೆ ಏನು ಎಂದು ಕೇಳಿದೆ. ಅವರು ಮೇಜಿನ ಮೇಲಿನ ಪೆನ್ನನ್ನು ಆಚೆ ಈಚೆ ಇಟ್ಟು, "ಅಲ್ಲಿ ಹೇಳ್ತಾರೆ" ಎಂದರು.

ಮೈಸೂರಿನ ಡಾಕ್ಟರಮ್ಮ ನನಗಿಂತ ಚಿಕ್ಕವರು, ಮಾತು ಕಡಿಮೆ. ದಾರದಂಥ ಕ್ಯಾಮೆರಾ ಹಾಕಿ ನೋಡಿ, ಗೆಡ್ಡೆ ಇದೆ, ಕ್ಯಾನ್ಸರ್ ಇದ್ದ ಹಾಗೆ ಕಾಣುತ್ತದೆ, ಮೂತ್ರದ ದಾರಿಯಿಂದಲೇ ಹೋಗಿ ಕೆರೆದು ತೆಗೆಯೋಣ ಎಂದರು. ಸಿಗರೇಟು ಸೇದುತ್ತೀರಾ ಎಂದು ಕೇಳಿದರು. ಸೇದುತ್ತಿದ್ದೆ. ಎಷ್ಟು ದಿನದಿಂದ ರಕ್ತ ಹೋಗ್ತಿದೆ ಎಂದು ಕೇಳಿದರು. ಕುಸುಮ ಸೊಪ್ಪಿನ ಕಥೆ ಹೇಳಿದಳು. ಪರೀಕ್ಷೆ ಮಾಡಿದ್ದನ್ನೂ ಹೇಳಿದಳು, ಆ ಪಾಯಸಕ್ಕೆ ಬೆಲ್ಲ ಕಡಿಮೆ ಹಾಕಿದ್ದೆ ಅನ್ನುವುದನ್ನೂ ಬಿಡಲಿಲ್ಲ. ಡಾಕ್ಟರಮ್ಮ ಅಂಥ ಸೊಪ್ಪಿನ ಹೆಸರೇ ಕೇಳಿರಲಿಲ್ಲವಂತೆ. ನಗಲಿಲ್ಲ, ಬರೆದುಕೊಂಡರು.

ಆ ಆಸ್ಪತ್ರೆಯ ಕಾಯುವ ಜಾಗದಲ್ಲಿ ನಮ್ಮಂಥ ಗಂಡಸರೇ ತುಂಬಿರುತ್ತಿದ್ದರು. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ, ಎಲ್ಲರೂ ಟಿವಿ ನೋಡುತ್ತಾರೆ. ನನಗೆ ಮೊದಲ ಆಪರೇಷನ್ ಆಗಿ ಕೊಳವೆ ಹಾಕಿ, ಮೂತ್ರದ ಚೀಲ ಕೈಯಲ್ಲಿ ಹಿಡಿದು ನಡೆಯಬೇಕಾಗಿ ಬಂದಾಗ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಗ ಪಕ್ಕದಲ್ಲಿ ಕೂತಿದ್ದವರು ಸಿದ್ದಾಪುರದ ಕಡೆಯ ಕರಿಮೆಣಸಿನ ವ್ಯಾಪಾರಿ, ಮೊಯ್ದು ಕಾಕ ಅಂತ. ಅವರ ಕೈಯಲ್ಲಿ ಬಟ್ಟೆ ಅಂಗಡಿಯ ಚಂದದ ಚೀಲ.

"ನೀವು ಕುಶಾಲನಗರದವರಲ್ಲವಾ? ನಿಮ್ಮಲ್ಲಿಂದ ಮೋಟಾರ್ ತಗೊಂಡಿದ್ದೆ ನಾನು" ಎಂದರು.

ಇಂಥ ಜಾಗದಲ್ಲೂ ಗಿರಾಕಿ! "ಹೇಗೆ ಓಡುತ್ತಿದೆ?" ಎಂದೆ.

"ಅದು ಓಡ್ತಾ ಉಂಟು, ನಾವು ನಿಂತು ಹೋದದ್ದು" ಎಂದು ನಕ್ಕು, ತಮ್ಮ ಚೀಲದ ಬಾಯಿ ಅಗಲಿಸಿ ತೋರಿಸಿದರು. ಒಳಗೆ ಅವರ ಮೂತ್ರದ ಚೀಲ. "ಹೀಗೆ ಇಟ್ಟುಕೊಳ್ಳಿ ಮಾರಾಯರೇ. ಯಾರಿಗೂ ಗೊತ್ತಾಗುವುದಿಲ್ಲ. ಕೇಳಿದ್ರೆ ಮನೆಯವರಿಗೆ ಸೀರೆ ಅಂತ ಹೇಳಿ."

ಕುಸುಮ ಅವತ್ತೇ ಹೋಗಿ ಅಂಥ ಒಂದು ಚೀಲ ತಂದಳು. ಅದರಲ್ಲಿ ನಿಜವಾಗಿ ಒಂದು ಸೀರೆಯೂ ಇತ್ತು. ಸುಮ್ಮನೆ ಚೀಲ ಕೇಳಿದರೆ ಕೊಡುತ್ತಾರಾ ಎಂದಳು.

ನಿಜವಾದ ಗೊಂದಲ ಶುರುವಾದದ್ದು ರಿಪೋರ್ಟ್ ಬಂದ ಮೇಲೆ. ಕ್ಯಾನ್ಸರೇ. ಒಳಗಿನ ಪದರದಲ್ಲಿದೆ, ಆದರೆ ಜೋರಾಗಿ ಬೆಳೆಯುವ ಜಾತಿಯದು. ತೆಗೆದ ಚೂರಿನಲ್ಲಿ ಕೆಳಗಿನ ಸ್ನಾಯು ಸರಿಯಾಗಿ ಸಿಕ್ಕಿಲ್ಲ, ಅದಕ್ಕೆ ಇನ್ನೊಂದು ಸಲ ಹೋಗಿ ಕೆರೆದು ನೋಡಬೇಕು ಎಂದರು ಡಾಕ್ಟರಮ್ಮ. ಸ್ನಾಯುವಿಗೆ ಇಳಿದಿದ್ದರೆ ಮೂತ್ರಕೋಶವನ್ನೇ ತೆಗೆಯಬೇಕಾಗಬಹುದು. ಇಳಿದಿಲ್ಲವಾದರೆ ಉಳಿಸಿಕೊಂಡು ಔಷಧಿ ಹಾಕಬಹುದು.

ಮೂತ್ರಕೋಶ ತೆಗೆದರೆ ಹೊಟ್ಟೆಯ ಹೊರಗೆ ಜೀವನಪೂರ್ತಿ ಒಂದು ಚೀಲ. ಅಂಗಡಿಯಲ್ಲಿ ಪೈಪ್ ಎತ್ತುವುದು ಹೇಗೆ, ಬಸ್ಸಿನಲ್ಲಿ ಕೂರುವುದು ಹೇಗೆ, ಹೆಂಡತಿಯ ಪಕ್ಕ ಮಲಗುವುದು ಹೇಗೆ? ಮತ್ತೆ ಆಪರೇಷನ್ ಮಾಡಿಸಿದರೆ ಸ್ನಾಯುವಿಗೆ ಇಳಿದಿದೆಯೋ ಇಲ್ಲವೋ ಗೊತ್ತಾಗಿಬಿಡುತ್ತದೆ. ನನಗೆ ಗೊತ್ತಾಗುವುದೇ ಬೇಡವಾಗಿತ್ತು. ಮನೆಗೆ ಬಂದು, ನಾಚಿಕೆ ಬಿಟ್ಟು, ಮತ್ತೆ ಮಂತ್ರಿಯ ಬಾಗಿಲು ತಟ್ಟಿದೆ.

ರಿಪೋರ್ಟಿನಲ್ಲಿದ್ದದ್ದನ್ನೆಲ್ಲ ಬರೆದು, ಏನು ಮಾಡಲಿ ಎಂದು ಕೇಳಿದೆ. ಎರಡನೇ ಆಪರೇಷನ್ ಮಾಡಿಸುವುದು ರೂಢಿಯಲ್ಲಿರುವ ಕ್ರಮ, ವೈದ್ಯರ ಮಾತು ಸರಿಯಿದೆ ಎಂದಿತು. ನನಗೆ ಆ ಉತ್ತರ ಹಿಡಿಸಲಿಲ್ಲ. ಬೆಳಿಗ್ಗೆ ಬೇರೆ ಥರ ಕೇಳಿದೆ. ಒಂದು ಸಲ ಪೂರ್ತಿ ತೆಗೆದಾಗಿದೆ, ನನಗೆ ಬಹಳ ನಿಶ್ಶಕ್ತಿ, ಆಸ್ಪತ್ರೆಯವರು ಸುಮ್ಮನೆ ಮಾಡಿಸುತ್ತಾರೆ ಅನ್ನಿಸುತ್ತದೆ, ಬೇಡ ಅನ್ನುವುದಕ್ಕೆ ಕಾರಣ ಕೊಡು ಅಂತ. ಕೊಟ್ಟಿತು! ಸಾಲಾಗಿ ಕೊಟ್ಟಿತು. ಎರಡನ್ನೂ ಮುಂದಿಟ್ಟುಕೊಂಡು ಕೂತೆ. ಎರಡೂ ಅಷ್ಟೇ ವಿನಯ, ಎರಡೂ ಅಷ್ಟೇ ಧೈರ್ಯ. ಬಾಡಿಗೆ ಸ್ಪ್ರಿಂಕ್ಲರ್ ವಿಷಯ ಹೇಳಿದ್ದೂ ಇದೇ ಬಾಯಿಯಲ್ಲಿ. ಅವತ್ತು ನಾನು ಬೇರೆ ಥರ ಕೇಳಿದ್ದರೆ ಬೇಡ ಅನ್ನುತ್ತಿತ್ತಾ? ಹಾಗಾದರೆ ಇಷ್ಟು ದಿನ ಅಂಗಡಿ ನಡೆಸಿದ್ದು ಯಾರು, ಅದೋ ನಾನೋ? ತಲೆ ಕೆಟ್ಟು ಗೊಬ್ಬರವಾಯಿತು.

"ಸಾಕು ಬಿಡ್ರೀ ಅದನ್ನ" ಎಂದಳು ಕುಸುಮ. "ಡಾಕ್ಟರಮ್ಮನ್ನೇ ಕೇಳಿ. ಓದಿದೋರು ಅವರು."

"ಕೇಳಿದರೆ ಬೇಜಾರಾಗುತ್ತಾರೆ."

"ಆಗ್ಲಿ. ಮೂತ್ರಕೋಶ ಅವರದ್ದಾ, ನಿಮ್ದಾ?"

ಹೆದರುತ್ತಲೇ ಡಾಕ್ಟರಮ್ಮನ ಮುಂದೆ ಫೋನ್ ಇಟ್ಟೆ. ಅವರು ಕನ್ನಡಕ ಸರಿಮಾಡಿಕೊಂಡು ಎರಡು ಉತ್ತರಗಳನ್ನೂ ಪೂರ್ತಿ ಓದಿದರು.

"ಮೊದಲನೇದು ನಾನು ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿದೆ" ಎಂದರು. "ಎರಡನೇದರಲ್ಲಿ ನೀವು ಹೇಳಿಸಿದ್ದನ್ನ ಹೇಳಿದೆ. ಒಂದ್ ಸಲ ಪೂರ್ತಿ ತೆಗೆದಾಗಿದೆ ಅಂತ ಬರ್ದಿದ್ದೀರಲ್ಲ, ಹಂಗಂತ ನಿಮಗೆ ಯಾರು ಹೇಳಿದ್ರು? ನಾನು ಹೇಳಿಲ್ಲ. ಒಳಗಡೆ ನೋಡಿರೋಳು ನಾನು, ನನಗೇ ಅನುಮಾನ ಇದೆ. ಅದಕ್ಕೇ ಇನ್ನೊಂದ್ ಸಲ ನೋಡ್ಬೇಕು ಅಂತಿರೋದು."

ಅನುಮಾನ ಇದೆ ಎಂದು ಡಾಕ್ಟರೊಬ್ಬರು ಬಾಯಿ ಬಿಟ್ಟು ಹೇಳಿದ್ದು ಕೇಳಿ ನನಗೆ ಭಯವಾಗಬೇಕಿತ್ತು. ಯಾಕೋ ಸಮಾಧಾನವಾಯಿತು. ಯಾಕೆ ಎಂದು ಈಗಲೂ ಹೇಳಲಾರೆ. ಅಲ್ಲೇ ಒಪ್ಪಿಕೊಂಡೆ.

ಎರಡನೇ ಆಪರೇಷನ್ ಆಯಿತು. ಅದರ ರಿಪೋರ್ಟ್ ಬರುವವರೆಗಿನ ದಿನಗಳ ಬಗ್ಗೆ ಬರೆಯಲು ನನ್ನ ಹತ್ತಿರ ಏನೂ ಇಲ್ಲ. ಅಂಗಡಿ ತೆರೆದೆ, ಮುಚ್ಚಿದೆ. ಗಿರಾಕಿ ಒಂದಿಂಚಿನ ಪೈಪ್ ಕೇಳಿದರೆ ಎರಡಿಂಚಿನದು ಕೊಟ್ಟು ಬೈಸಿಕೊಂಡೆ. ಕೊನೆಗೆ ರಿಪೋರ್ಟ್ ಬಂತು. ಸ್ನಾಯುವಿಗೆ ಇಳಿದಿರಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೇ ಕೂತು ಜೋರಾಗಿ ಅತ್ತೆ, ಕುಸುಮ ಸೆರಗು ಕೊಟ್ಟಳು.

ಆಮೇಲಿನ ಔಷಧಿಯೂ ಒಂದು ವಿಚಿತ್ರ. ಎಳೆ ಮಕ್ಕಳ ತೋಳಿಗೆ ಕ್ಷಯಕ್ಕೆ ಚುಚ್ಚುತ್ತಾರಲ್ಲ, ಆ ಬಿಸಿಜಿಯನ್ನು ವಾರಕ್ಕೊಮ್ಮೆ ಕೊಳವೆಯಿಂದ ಮೂತ್ರಕೋಶಕ್ಕೆ ಹಾಕುತ್ತಾರೆ. ಎರಡು ಗಂಟೆ ಬಿಗಿಹಿಡಿದು, ಮಗ್ಗುಲು ಬದಲಿಸುತ್ತಾ ಮಲಗಬೇಕು. ಕ್ಷಯಕ್ಕೂ ಇದಕ್ಕೂ ಏನು ಸಂಬಂಧ ಎಂದು ಎಷ್ಟು ಸಲ ಕೇಳಿದರೂ ನನ್ನ ತಲೆಗೆ ಹೋಗಲಿಲ್ಲ. ಆ ದಿನ ಕೂತೇ ಮೂತ್ರ ಮಾಡಬೇಕು, ಔಷಧಿಯೊಳಗಿನ ರೋಗಾಣು ಸಾಯಲಿ ಅಂತ ಅದರ ಮೇಲೆ ಬ್ಲೀಚಿಂಗ್ ಪುಡಿ ಸುರಿಯಬೇಕು. ಬ್ಲೀಚಿಂಗ್ ವಾಸನೆಗೆ ಕುಸುಮ ಕೆಮ್ಮುತ್ತಿದ್ದಳು. ನನಗೆ ಚಳಿ ಜ್ವರ, ಉರಿ. ಅಯ್ಯೋ ಆ ಉರಿ! ಹಸಿಮೆಣಸು ಅರೆದು ಹಾಕಿದ ಹಾಗೆ. ಇದು ಕಡಿಮೆಯಾಗುತ್ತದೆ, ಹೆದರಬೇಡಿ. ಇದನ್ನು ಯಾರಾದರೂ ನನಗೆ ಮೊದಲೇ ಹೇಳಿದ್ದರೆ ಒಳ್ಳೆಯದಿತ್ತು, ಅದಕ್ಕೆ ನಿಮಗೆ ಹೇಳುತ್ತಿದ್ದೇನೆ.

ಡಾಕ್ಟರಮ್ಮ ಇನ್ನೊಂದು ಮಾತು ಹೇಳಿದ್ದರು. ಸೊಪ್ಪಿನಿಂದ ರೋಗ ಬಂದದ್ದಲ್ಲ, ಆದರೆ ಇನ್ನು ಮುಂದೆ ನೀವು ಅದನ್ನು ತಿನ್ನಬೇಡಿ, ಕೆಂಪು ಕಂಡರೆ ಅನುಮಾನಕ್ಕೆ ಜಾಗ ಇರಬಾರದು ಅಂತ. ಇದನ್ನು ಅಕ್ಕನಿಗೆ ಹೇಳುವುದು ಹೇಗೆ ಎಂದು ದಿನ ದೂಡಿದೆ. ಕೊನೆಗೆ ಅವಳೇ ಫೋನ್ ಮಾಡಿದಳು.

"ನನ್ನ ಸೊಪ್ಪಿಂದ ಆದ್ ಅಲ್ಲ ತಾನೆ ತಮ್ಮಾ?"

"ಅಲ್ಲ ಅಕ್ಕ. ಹಂಗೆಂತ ಇಲ್ಲೆ."

"ನಂಗೆ ನಿದ್ದೆ ಇಲ್ಲೆ. ಎರಡನೇ ಸಲ ಕೇಳ್ದಾಗ ನಾ ಯಾಕೆ ಅಂತ ಕೇಳ್‌ಕಿತ್ತ್."

ನೀನು ಕೇಳಬೇಕಿತ್ತು ಅಂತೇನಿಲ್ಲ ಅಕ್ಕ, ನಾನೇ ಹೇಳಬೇಕಿತ್ತು ಎಂದೆ. ಇನ್ನು ಮುಂದೆ ನನಗೆ ಸೊಪ್ಪು ಕಳಿಸಬೇಡ ಎಂದೂ ಆಗಲೇ ಹೇಳಿಬಿಟ್ಟೆ.

ಔಷಧಿಯ ಸುತ್ತು ಮುಗಿದ ಮೇಲೆ ಮೊದಲ ಸಲ ಒಳಗೆ ನೋಡುವ ದಿನ ಬಂತು. ಮತ್ತೆ ಬೆಳೆದಿದ್ದರೆ ಮೂತ್ರಕೋಶ ಹೋಗುವ ಲೆಕ್ಕವೇ. ಈ ಸಲ ಮರಗಟ್ಟಿಸುವ ಜೆಲ್ ಹಾಕಿ ಎಚ್ಚರವಾಗಿದ್ದಾಗಲೇ ನೋಡಿದರು. ಪರದೆಯ ಮೇಲೆ ನನ್ನ ಒಳಗು ಕಾಣುತ್ತಿತ್ತು, ತಿಳಿಗುಲಾಬಿ, ಸಣ್ಣ ಸಣ್ಣ ರಕ್ತನಾಳ. ಎಲ್ಲಿ ಸ್ವಲ್ಪ ಕೆಂಪು ಕಂಡರೂ ಅದೇನು ಎಂದು ಕೇಳುತ್ತಿದ್ದೆ. "ಅದು ಕೆರೆದ ಗಾಯದ ಗುರುತು" ಎಂದರು ಡಾಕ್ಟರಮ್ಮ. ಆಮೇಲೆ, "ಸದ್ಯಕ್ಕೆ ಏನೂ ಇಲ್ಲ. ಮೂರು ತಿಂಗಳು ಬಿಟ್ಟು ಬನ್ನಿ" ಎಂದರು.

ಸದ್ಯಕ್ಕೆ ಅಂದರೆ ಖುಷಿಪಡಬೇಕೋ ಬೇಡವೋ ಗೊತ್ತಾಗದೆ ಹೊರಗೆ ಬಂದೆ. ಕುಸುಮನಿಗೆ ಹಾಗೇ ಹೇಳಿದೆ, ಒಂದು ಪದ ಸೇರಿಸಲಿಲ್ಲ, ಬಿಡಲಿಲ್ಲ. ಅವಳು ತಲೆಯಾಡಿಸಿದಳು. ಬಸ್ಸು ಹತ್ತಿ ಕೂತು, ಮೈಸೂರು ದಾಟಿದ ಮೇಲೆ ಬಾಯಿ ಬಿಟ್ಟಳು.

"ನಾನೂ ನಿಮ್ಮ ಮಂತ್ರೀನ ಒಂದ್ಸಲ ಕೇಳಿದ್ದೆ. ಎರಡನೇ ಆಪರೇಷನ್ ದಿನ, ನಿಮ್ಮನ್ನ ಒಳಗೆ ಕರ್ಕೊಂಡೋದ್ರಲ್ಲ, ನಿಮ್ಮ ಫೋನು ನನ್ನ ಹತ್ರ ಇತ್ತು."

"ಏನಂತ ಕೇಳಿದೆ?"

"ನಮ್ಮೆಜಮಾನ್ರು ಉಳೀತಾರಾ ಅಂತ."

"ಏನಂತು?"

"ಅಷ್ಟುದ್ದ ಬರೀತು. ಓದ್ಲಿಲ್ಲ. ಅಳಿಸ್ಬಿಟ್ಟೆ." ಕಿಟಕಿಯ ಕಡೆ ನೋಡುತ್ತಲೇ ಇದ್ದಳು. "ಮದುವೆಯಾದಾಗಿಂದ ಏನ್ ಕೇಳಿದ್ರೂ ನಿಮ್ಹತ್ರ ಉತ್ತರ ಇದೆ. ಗೊತ್ತಿದ್ರೂ ಇದೆ, ಗೊತ್ತಿಲ್ದಿದ್ರೂ ಇದೆ. ಅದ್ಕೆ ಇದೊಂದನ್ನ ನಿಮ್ಮನ್ನ ಕೇಳೋಕೆ ಆಗ್ಲಿಲ್ಲ ನಂಗೆ. ಈಗ ಕೇಳ್ತಿದ್ದೀನಿ. ಉಳೀತೀರಾ?"

ಉಳಿಯುತ್ತೇನೆ, ನನಗೇನಾಗುತ್ತದೆ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳು ಮುಖ ತಿರುಗಿಸಿ ನನ್ನನ್ನೇ ನೋಡಿದಳು.

"ಗೊತ್ತಿಲ್ಲ ಕುಸುಮಾ" ಎಂದೆ. "ನನಗೆ ಭಯವಾಗುತ್ತೆ."

ಅವಳು ನನ್ನ ಕೈ ತೆಗೆದುಕೊಂಡು ತನ್ನ ಮಡಿಲಲ್ಲಿ ಇಟ್ಟುಕೊಂಡು, "ನಂಗೂ" ಎಂದು ಅಳಲು ಶುರು ಮಾಡಿದಳು. ಕಂಡಕ್ಟರ್ ಟಿಕೆಟ್ ಕೇಳಲು ಬಂದವನು ಕೇಳದೆ ಮುಂದೆ ಹೋದ. ಹುಣಸೂರು ಬರುವವರೆಗೂ ಅವಳು ಕೈ ಬಿಡಲಿಲ್ಲ.